ಪ್ರಸ್ಥಾನದ ಚೀಲ

ವೆಲ್ಡ್‌ಹೋವನ್
3 ಆಗಸ್ಟ್ 2008

ಅಕ್ಕಾ,

ಇನ್ನು ಮೇಲೆ ಫೋನ್ ಬೇಡ, ಇಮೇಲ್ ಬರೆದೇ ಮಾತಾಡೋಣ ಎಂದವಳು ನಾನೇ. ಏಪ್ರಿಲ್‌ನಲ್ಲಿ ಅಮ್ಮನ ಕಾರ್ಯಗಳನ್ನೆಲ್ಲ ಮುಗಿಸಿ ಹಾಸನದಿಂದ ಇಲ್ಲಿಗೆ ವಾಪಸು ಬಂದ ಮೇಲೆ ನಾವಿಬ್ಬರು ಫೋನಿನಲ್ಲಿ ಒಬ್ಬರಿಗೊಬ್ಬರು ಅಂದದ್ದು ಈ ಜನ್ಮಕ್ಕೆ ಸಾಕು. ಬರೆಯುವುದರಲ್ಲಿ ಒಂದು ಅನುಕೂಲವಿದೆ, ಬೈದು ಅಳಿಸಬಹುದು. ಚಿರಂತನ ನನ್ನ ಲ್ಯಾಪ್‌ಟಾಪಿಗೆ ಕನ್ನಡ ಹಾಕಿಕೊಟ್ಟಿದ್ದಾನೆ. ಒತ್ತಕ್ಷರ ಬಂದ ಕಡೆಯೆಲ್ಲ ಬೆರಳು ತಡವರಿಸುವುದರಿಂದ ಸಿಟ್ಟೂ ನಿಧಾನವಾಗಿಯೇ ಬರುತ್ತದೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ನವೆಂಬರ್ ಮಧ್ಯಕ್ಕೆ ದಿನ ಹೇಳಿದ್ದಾರೆ. "ಬಾಣಂತನಕ್ಕೆ ನಾನ್ ಬರ್ತೀನಿ ಕಣೇ" ಎಂದು ಮಾತು ಕೊಟ್ಟಿದ್ದೀಯ, ಮರೆತಿಲ್ಲ ತಾನೆ? ನಮ್ಮತ್ತೆಗೆ ವಿಮಾನ ಹತ್ತುವ ಶಕ್ತಿಯಿಲ್ಲ. ಅಮ್ಮ ಇಲ್ಲ. ಹೆರಿಗೆಗೆ ತವರುಮನೆ ಎಂದರೆ ನನಗೀಗ ನೀನೊಬ್ಬಳೇ, ನೀನೋ ನ್ಯೂಜೆರ್ಸಿಯಲ್ಲಿ ಕೂತಿದ್ದೀಯ.

ಈ ಡಚ್ಚರ ಪದ್ಧತಿ ಕೇಳು. ಎಲ್ಲ ಸರಿಯಿದ್ದರೆ ಡಾಕ್ಟರ್ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ, ಸೂಲಗಿತ್ತಿಯೇ ಎಲ್ಲ. ವೆರ್ಲೋಸ್‌ಕುಂಡಿಖೆ ಎನ್ನುತ್ತಾರೆ. ಆ ಪದವನ್ನು ನೆಟ್ಟಗೆ ಹೇಳಲು ಕಲಿಯುವಷ್ಟರಲ್ಲಿ ಮಗು ಶಾಲೆಗೆ ಹೋಗುತ್ತಿರುತ್ತದೆ. ನನಗಿಂತ ಚಿಕ್ಕ ಹುಡುಗಿ, ಸೈಕಲ್ ತುಳಿದುಕೊಂಡು ಬರುತ್ತಾಳೆ. ಮನೆಯಲ್ಲೇ ಹೆರುತ್ತೀರಾ ಆಸ್ಪತ್ರೆಯಲ್ಲಾ ಎಂದು, ಕಾಫಿಯೋ ಟೀಯೋ ಎನ್ನುವ ಹಾಗೆ ಕೇಳಿದಳು. ಹೆರಿಗೆಯಾದ ಮೇಲೆ ಒಂದು ವಾರ ಕ್ರಾಮ್‌ಜೋರ್ಖ್ ಎಂಬ ವ್ಯವಸ್ಥೆಯಲ್ಲಿ ನರ್ಸೊಬ್ಬಳು ಮನೆಗೇ ಬಂದು ತಾಯಿ ಮಗು ಇಬ್ಬರನ್ನೂ ನೋಡಿಕೊಳ್ಳುತ್ತಾಳಂತೆ. ಅದಕ್ಕಾಗಿ ಈಗಲೇ ಮಂಚದ ಕಾಲಿಗೆ ಮರದ ಅಡಿ ಕೊಟ್ಟು ಎತ್ತರ ಮಾಡಬೇಕು. ಯಾಕೆ ಗೊತ್ತಾ? ಬಗ್ಗಿ ಬಗ್ಗಿ ನರ್ಸಿನ ಸೊಂಟ ನೋಯಬಾರದು. ಬಾಣಂತಿಯ ಸೊಂಟದ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ.

ಆ ವಾರ ಮುಗಿದ ಮೇಲೆ ಏನು? ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವವರು ಯಾರು, ಹೊಟ್ಟೆಗೆ ಬಟ್ಟೆ ಬಿಗಿಯುವವರು ಯಾರು, ಮಗು ಯಾಕೆ ಅಳುತ್ತಿದೆ ಎಂದು ಹೇಳುವವರು ಯಾರು? ನನಗೆ ಭಯವಾಗುತ್ತದೆ ಅಕ್ಕಾ. ಕಟ್ಟಿಕೊಂಡ ಗಂಡ ಚಿರಂತನನಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇನ್ನೊಂದು. ಮಗುವನ್ನು ಮೊದಲು ಸುತ್ತಲು ಹಳೆಯ ನೂಲಿನ ಸೀರೆ ಬೇಕು. ನಮ್ಮಿಬ್ಬರನ್ನೂ ಅಜ್ಜಿಯ ಸೀರೆಯಲ್ಲೇ ಸುತ್ತಿದ್ದಂತೆ. ಅಮ್ಮನ ಸೀರೆಗಳನ್ನೆಲ್ಲ ಸೋದರತ್ತೆ ಹದಿಮೂರನೆಯ ದಿನವೇ ಹಂಚಿಬಿಟ್ಟರು. ನಾನು ಮಂಕು ಬಡಿದವಳ ಹಾಗೆ ನೋಡುತ್ತ ಕೂತಿದ್ದೆ. ನೀನಿದ್ದಿದ್ದರೆ ಜಗಳವಾಡಿಯಾದರೂ ಎರಡು ಉಳಿಸುತ್ತಿದ್ದೆ. ನೀನಿರಲಿಲ್ಲ. ಈಗ ಎಲ್ಲಿಂದ ತರುತ್ತೀಯೋ ತಾ.

ಟಿಕೆಟ್ ಯಾವಾಗ ತೆಗೆಸುತ್ತೀಯ ಬರೆ.

ಸ್ಮೃತಿ


ಎಡಿಸನ್
9 ಆಗಸ್ಟ್ 2008

ಪುಟ್ಟೀ,

ಸೂಲಗಿತ್ತಿ ಸೈಕಲ್ ತುಳಿದುಕೊಂಡು ಬರುತ್ತಾಳೆಂದು ಓದಿ ಹೇಳಿದರೆ ನಿನ್ನ ಭಾವ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. ಮಂಚ ಎತ್ತರಿಸುವುದು ಒಳ್ಳೆಯದೇ. ನಾನು ನಿಹಾರಿಕಾಳನ್ನು ಹೆತ್ತಾಗ ಅಮ್ಮ ಬಗ್ಗಿ ಬಗ್ಗಿಯೇ ಸೊಂಟ ಹಿಡಿಸಿಕೊಂಡಿದ್ದು, ನೆನಪಿದೆಯಾ?

ಅಲ್ಲಿ ಸಬ್ಬಸಿಗೆ ಸೊಪ್ಪು ಸಿಗುತ್ತದಲ್ಲವೇ? ಮೀನಿಗೆ ಹಾಕುತ್ತಾರಂತೆ, ಮೀನಿನ ಪಕ್ಕದಲ್ಲಿ ಹುಡುಕು. ಅದು ಹಾಲಿಗೆ ಬಹಳ ಒಳ್ಳೆಯದು. ಒಣಶುಂಠಿ, ಮೆಂತ್ಯ, ಮೆಣಸು, ಬೆಳ್ಳುಳ್ಳಿ ಈಗಲೇ ತಂದಿಟ್ಟುಕೋ. ಕಡೇ ಗಳಿಗೆಯಲ್ಲಿ ಚಿರಂತನನನ್ನು ಅಂಗಡಿಗೆ ಕಳಿಸಿದರೆ ಅವನು ಮೆಂತ್ಯದ ಬದಲು ಸಾಸಿವೆ ತರುವ ಗಿರಾಕಿ.

ಬರುವ ವಿಷಯ. ಆಸೆಯಿಲ್ಲ ಎಂದುಕೊಳ್ಳಬೇಡ. ನಿನ್ನ ಭಾವನಿಗೆ ಹೊಸ ಕೆಲಸ, ಜೊತೆಗೆ ಬೆನ್ನುನೋವು. ನಿಹಾರಿಕಾಗೆ ಊರೂ ಹೊಸದು, ಶಾಲೆಯೂ ಹೊಸದು. ನವೆಂಬರ್ ಹೊತ್ತಿಗೆ ಹೇಗಿರುತ್ತದೋ ನೋಡೋಣ. ಟಿಕೆಟ್ಟಿಗೆ ಈಗಲೇ ಏನವಸರ?

ಹಳೆಯ ಸೀರೆ ನನ್ನ ಹತ್ತಿರವೂ ಇಲ್ಲ. ಇಲ್ಲಿ ಸೀರೆ ಉಡುವುದು ವರ್ಷಕ್ಕೆ ಎರಡು ಸಲ, ಹಳತಾಗುವುದು ಯಾವಾಗ? ಏನಾದರೂ ಮಾಡೋಣ.

ಹೊತ್ತುಹೊತ್ತಿಗೆ ತಿನ್ನು. ಸಿಟ್ಟು ಕಡಿಮೆ ಮಾಡಿಕೋ.

ಅಕ್ಕ


ವೆಲ್ಡ್‌ಹೋವನ್
24 ಆಗಸ್ಟ್ 2008

ಮೈಥಿಲಿಯವರಿಗೆ,

"ನೋಡೋಣ" ಎಂದು ಬರೆದಿದ್ದೀರಿ. ಬಹಳ ಸಂತೋಷ. ಮಾರ್ಚ್ ಕೊನೆಯಲ್ಲಿ ಅಮ್ಮ ಆಸ್ಪತ್ರೆ ಸೇರಿದಾಗಲೂ ತಾವು ಇದೇ ಮಾತನ್ನು ಹೇಳಿದ್ದಿರಿ. ಅಮ್ಮ ಬಾಗಿಲ ಕಡೆ ನೋಡಿಕೊಂಡೇ ಹೋದಳು. ಆಮೇಲೆ "ಟಿಕೆಟ್ ಸಿಗಲಿಲ್ಲ" ಎಂದಿರಿ. ಪ್ರಪಂಚದ ವಿಮಾನಗಳೆಲ್ಲ ಆ ವಾರ ತುಂಬಿ ಹೋಗುತ್ತಿದ್ದವೋ ಏನೋ.

ಭಾವನ ಬೆನ್ನಿಗೆ ಅಮೃತಾಂಜನ ಹಚ್ಚಲು ಹೆಂಡತಿಯೇ ಬೇಕೇ? ಒಂಬತ್ತು ವರ್ಷದ ಹುಡುಗಿ ಅಪ್ಪನ ಜೊತೆ ಒಂದು ತಿಂಗಳು ಇರಲಾರಳೇ? ನನ್ನ ಹೆರಿಗೆ ನಿನಗೆ ದೊಡ್ಡ ತೊಂದರೆ ಎಂದಾದರೆ ಹಾಗೆಂದೇ ಹೇಳು. ಗ್ರೀನ್ ಕಾರ್ಡ್ ಕೈಗೆ ಬರುವ ಮೊದಲೇ ನೀನು ಪೂರ್ತಿ ಅಲ್ಲಿಯವಳಾಗಿಬಿಟ್ಟೆ. ಅದು ಬಂದ ಮೇಲೆ ನಮ್ಮ ಹೆಸರಾದರೂ ನೆನಪಿರುತ್ತದಾ?

ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ. ಚಿರಂತನನ ಶೂ ಹಾಕಿಕೊಂಡು ಓಡಾಡುತ್ತಿದ್ದೇನೆ. ಸಿಟ್ಟು ಕಡಿಮೆ ಮಾಡಿಕೋ ಎಂದೆಯಲ್ಲ, ಆಗುವುದಿಲ್ಲ.

ಸ್ಮೃತಿ


ಎಡಿಸನ್
14 ಸೆಪ್ಟೆಂಬರ್ 2008

ಪುಟ್ಟೀ,

ಮೂರು ವಾರ ನಾನು ಬರೆಯಲಿಲ್ಲ. ನಿನ್ನ ಪತ್ರವನ್ನು ನಿನ್ನ ಭಾವ ಓದಿ, "ಇನ್ನೂ ಎಷ್ಟು ದಿನ ಬೈಸ್ಕೊಂಡಿರ್ತೀಯ? ಹೇಳ್ಬಿಡು" ಎಂದರು. ಹೇಳುತ್ತೇನೆ. ಮಧ್ಯೆ ಬಾಯಿ ಹಾಕದೆ ಕೇಳು.

ಗ್ರೀನ್ ಕಾರ್ಡಿಗೆ ನಾವು ಅರ್ಜಿ ಹಾಕಿದ್ದು ಹೋದ ವರ್ಷ ಆಗಸ್ಟ್‌ನಲ್ಲಿ. ಆ ಒಂದು ಬೇಸಿಗೆ ಬಾಗಿಲು ತೆರೆದಿತ್ತು, ಗಂಡ ಹೆಂಡತಿ ಮಗಳು ಮೂವರೂ ಒಟ್ಟಿಗೇ ಒಳಗೆ ನುಗ್ಗಿದೆವು. ಆಮೇಲೆ ಮುಚ್ಚಿದ್ದು ಇನ್ನೂ ತೆರೆದಿಲ್ಲ, ಇನ್ನೆಷ್ಟು ವರ್ಷಕ್ಕೆ ತೆರೆಯುತ್ತದೋ ಯಾರಿಗೂ ಗೊತ್ತಿಲ್ಲ. ಫೆಬ್ರವರಿಯಲ್ಲಿ ನಿನ್ನ ಭಾವ ಹೊಸ ಕೆಲಸಕ್ಕೆ ಸೇರಿದರು. ಅಲ್ಲಿಗೆ ನಮ್ಮ ಹಳೆಯ ವೀಸಾದ ಕಥೆ ಮುಗಿಯಿತು. ಈಗ ನಾವು ಈ ದೇಶದಲ್ಲಿರುವುದು ಆ ಅರ್ಜಿಯೊಂದರ ಬಲದ ಮೇಲೆ. ಅರ್ಜಿ ಬಾಕಿಯಿರುವಾಗ ಹೊರದೇಶಕ್ಕೆ ಹೋಗಬೇಕಾದರೆ ಮೊದಲೇ ಅನುಮತಿ ಪತ್ರ ಬರಬೇಕು. ಅದು ಕೈಯಲ್ಲಿಲ್ಲದೆ ಹೊರಟರೆ ನನ್ನ ಅರ್ಜಿಯನ್ನು ನಾನೇ ಕೈಬಿಟ್ಟ ಹಾಗೆ. ಗಂಡ ಮಗಳು ಒಳಗೆ, ನಾನು ಹೊರಗೆ. ಮತ್ತೆ ಯಾವಾಗ ಸೇರುತ್ತೇನೋ ಹೇಳುವವರಿಲ್ಲ.

ಅಮ್ಮ ಮಲಗಿದಾಗ ಅನುಮತಿಗೆ ಹಾಕಿ ಕೆಲವೇ ದಿನವಾಗಿತ್ತು. ಟಿಕೆಟ್ ಸಿಕ್ಕಿತ್ತು ಸ್ಮೃತಿ. ಮಂಗಳವಾರದ್ದು. ಅಮ್ಮ ಮಂಗಳವಾರ ನಮ್ಮನ್ನು ಹಾಸನದಿಂದ ಬೆಂಗಳೂರಿಗೂ ಕಳಿಸುತ್ತಿರಲಿಲ್ಲವಲ್ಲ. ಅದಕ್ಕೇ ಹಿಂದಿನ ಗುರುವಾರ ಒಳ್ಳೆಯ ಹೊತ್ತು ನೋಡಿ ಒಂದು ಚೀಲಕ್ಕೆ ಬಟ್ಟೆ, ಅಕ್ಕಿ, ಅರಿಶಿನದ ಕೊಂಬು ಹಾಕಿ ಎದುರುಮನೆ ಜಲಜಾಕ್ಷಿಯವರ ಮನೆಯಲ್ಲಿ ಪ್ರಸ್ಥಾನ ಇಟ್ಟು ಬಂದೆ. ಚೀಲ ಒಳ್ಳೆಯ ದಿನ ಹೊಸ್ತಿಲು ದಾಟಿದರೆ ನಾವೂ ಆ ದಿನವೇ ಹೊರಟ ಹಾಗೆ, ಆಮೇಲೆ ಯಾವ ವಾರ ಹೋದರೂ ದೋಷವಿಲ್ಲ. ಅಮ್ಮ ಅಪ್ಪನಿಗೆ ಎಷ್ಟು ಸಲ ಇಟ್ಟಿಲ್ಲ! ಭಾನುವಾರ ವಕೀಲರು ಫೋನ್ ಮಾಡಿ, ಕಾಗದ ಬರದೆ ಹೊರಟರೆ ಎಲ್ಲವೂ ಹೋಯಿತು ಎಂದರು. ನಾನು ನಿಂತೆ. ಅಮ್ಮ ನಿಲ್ಲಲಿಲ್ಲ.

ಕಾಗದಕ್ಕೆ ಹೆದರಿ ಬರಲಿಲ್ಲ ಎಂದು ನಿನಗೆ ಹೇಗೆ ಹೇಳಲಿ? ಟಿಕೆಟ್ ಸಿಗಲಿಲ್ಲ ಎನ್ನುವುದು ಸುಲಭವಾಗಿತ್ತು. ಜೂನ್‌ನಲ್ಲಿ ಅನುಮತಿ ಬಂದೇ ಬಂತು, ಆದರೆ ಮಾರ್ಚ್‌ನಲ್ಲಿ ಅರ್ಜಿ ಹಾಕಿದ ವಾರವೇ ನಾವು ಖಾಲಿ ಮಾಡಿದ್ದ ಹಳೆಯ ಮನೆಗೆ. ವಿಳಾಸ ಬದಲಾಯಿಸಬೇಕಾದವರು ನಾವು, ಮರೆತೆವು. ಅದು ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಜುಲೈಯಲ್ಲಿ ಮತ್ತೆ ಹಾಕಿದ್ದೇವೆ, ದಿನಾ ಪೋಸ್ಟಿನ ಡಬ್ಬಿ ನೋಡುತ್ತೇನೆ.

ಪ್ರಸ್ಥಾನದ ಚೀಲ ಇನ್ನೂ ಜಲಜಾಕ್ಷಿಯವರ ಮನೆಯಲ್ಲೇ ಇದೆ. ಇಟ್ಟ ಚೀಲ ಪ್ರಯಾಣ ಮಾಡದೆ ಮನೆಗೆ ವಾಪಸು ಬರಬಾರದಲ್ಲ.

ಈಗ ಬೈಯಿ.

ಅಕ್ಕ


ವೆಲ್ಡ್‌ಹೋವನ್
21 ಸೆಪ್ಟೆಂಬರ್ 2008

ನನ್ನ ಮುದ್ದು ಅಕ್ಕಾ,

ನೀನು ಬರಬೇಡ. ಅನುಮತಿ ಬಂದರೆ ಬಾ, ಬರದಿದ್ದರೆ ಖಂಡಿತ ಹೊರಡಬೇಡ. ನಾನು ತಪ್ಪು ತಿಳಿದುಕೊಂಡಿದ್ದೆ. ಆಡಿದ ಮಾತುಗಳನ್ನೆಲ್ಲ ಮರೆತುಬಿಡು.

ಇಲ್ಲಿ ಎಲ್ಲವೂ ಬಹಳ ಚೆನ್ನಾಗಿದೆ. ಸೂಲಗಿತ್ತಿ ಬಂದು ನೋಡಿ ಏನೂ ತೊಂದರೆಯಿಲ್ಲ ಎಂದಳು. ಹವೆ ಹಿತವಾಗಿದೆ. ಶನಿವಾರ ಸೈಕಲ್ ತೆಗೆದುಕೊಂಡು ಸಂತೆಗೆ ಹೋಗಿ ಸಬ್ಬಸಿಗೆ ಸೊಪ್ಪು ತಂದೆ, ನೀನು ಹೇಳಿದ ಹಾಗೆ ಮೀನಿನ ಪಕ್ಕದಲ್ಲೇ ಇತ್ತು. ಚಿರಂತನ ಮಂಚ ಎತ್ತರಿಸಿದ್ದಾನೆ. ಈಗ ಹತ್ತಲು ಒಂದು ಸ್ಟೂಲ್ ಬೇಕು.

ನಿಹಾರಿಕಾಗೆ ಮುತ್ತು. ಭಾವನಿಗೆ ನಮಸ್ಕಾರ. ನೀನು ಏನೂ ಯೋಚನೆ ಮಾಡಬೇಡ.

ನಿನ್ನ
ಸ್ಮೃತಿ


ಎಡಿಸನ್
12 ಅಕ್ಟೋಬರ್ 2008

ಪುಟ್ಟೀ,

ತುರ್ತಿದ್ದರೆ ವಲಸೆ ಇಲಾಖೆಯ ಆಫೀಸಿಗೆ ಖುದ್ದಾಗಿ ಹೋಗಿ ಅನುಮತಿ ಕೇಳಬಹುದು ಎಂದು ವಕೀಲರು ಹೇಳಿದರು. ಅಮ್ಮನ ಹೊತ್ತಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಶುಕ್ರವಾರ ಹೋದೆ. ಕಿಟಕಿಯಾಚೆ ಇದ್ದ ಹೆಂಗಸು ಒಳ್ಳೆಯವಳೇ. ನಿಮ್ಮ ತಂಗಿಗೆ ಏನಾದರೂ ಅಪಾಯವಿದೆಯೇ, ಆಸ್ಪತ್ರೆಯಿಂದ ಪತ್ರವಿದೆಯೇ ಎಂದು ಕೇಳಿದಳು. ನನ್ನ ಹತ್ತಿರ ಇದ್ದದ್ದು ನಿನ್ನ ಪತ್ರ. ಸೈಕಲ್, ಸಂತೆ, ಸಬ್ಬಸಿಗೆ ಸೊಪ್ಪು. ಇಲ್ಲ, ಚೆನ್ನಾಗಿದ್ದಾಳೆ ಎಂದೆ. ಹಾಗಾದರೆ ಇದು ತುರ್ತಲ್ಲ, ಎಲ್ಲರ ಹಾಗೆ ಕಾಯಿರಿ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮನೆಗೆ ಬಂದು ನಿನ್ನ ಪತ್ರವನ್ನು ಮತ್ತೆ ಓದಿದೆ.  ಆಗಸ್ಟ್‌ನಲ್ಲಿ ಚಪ್ಪಲಿ ಹಿಡಿಸದವಳು ಸೆಪ್ಟೆಂಬರ್‌ನಲ್ಲಿ ಸೈಕಲ್ ತುಳಿದಳಂತೆ. "ನನ್ನ ಮುದ್ದು ಅಕ್ಕಾ" ಅಂತೆ. ಹುಟ್ಟಿದ ಮೇಲೆ ನೀನು ನನ್ನನ್ನು ಹಾಗೆ ಕರೆದಿದ್ದು ಒಂದೇ ಸಲ, ಟೈಫಾಯ್ಡ್ ಬಂದು ಮಲಗಿದ್ದಾಗ. ಇಡೀ ಪತ್ರದಲ್ಲಿ ಒಂದಾದರೂ ಕೊಂಕು ಬೇಡವೇ? ನಾನು ಅಷ್ಟು ದೊಡ್ಡ ಸುಳ್ಳು ಹೇಳಿದ್ದೆ, ಒಂದು ಬೈಗುಳವೂ ಇಲ್ಲ!

ಏನಾಗಿದೆ? ನಿಜ ಬರೆ. ಫೋನ್ ಮಾಡಿದರೂ ನೀವು ಯಾರೂ ಎತ್ತುತ್ತಿಲ್ಲ. 

ಅಕ್ಕ


ಎಡಿಸನ್
15 ಅಕ್ಟೋಬರ್ 2008

ಸ್ಮೃತಿ,

ಚಿರಂತನ ಫೋನ್ ಮಾಡಿದ್ದ. "ಅಕ್ಕಾ, ಅವ್ಳು ಹೇಳ್ಬೇಡ ಅಂತ ಆಣೆ ಮಾಡಿಸ್ಕೊಂಡಿದ್ಲು, ಆದ್ರೆ ನನ್ನ ಕೈಲಿ ಆಗ್ತಿಲ್ಲ" ಎಂದು ಅಳುತ್ತಿದ್ದ. ಸೆಪ್ಟೆಂಬರ್‌ನಿಂದ ಬಿ.ಪಿ. ಏರುತ್ತಲೇ ಇದೆಯಂತೆ. ಹತ್ತು ದಿನದಿಂದ ಆಸ್ಪತ್ರೆಯಲ್ಲಿದ್ದೀಯಂತೆ. ತಾಯಿ ಮಗು ಇಬ್ಬರಲ್ಲಿ ಯಾರಿಗಾದರೂ ಏನಾದರೂ ಆಗಬಹುದು ಎಂದು ಡಾಕ್ಟರೇ ಹೇಳಿದ್ದಾರಂತೆ.

ನಾನು ಬರುತ್ತಿದ್ದೇನೆ. ಜಲಜಾಕ್ಷಿಯವರು ಶುಕ್ರವಾರ ಊರಿಗೆ ಹೊರಟಿದ್ದಾರೆ, ಆಮ್‌ಸ್ಟರ್‌ಡ್ಯಾಮ್ ಮೇಲೆ. ಅದೇ ವಿಮಾನದಲ್ಲಿ ನನಗೂ ಸೀಟು ಸಿಕ್ಕಿದೆ. ನಿಮ್ಮ ದೇಶದ ವೀಸಾವನ್ನಂತೂ ಮೊದಲೇ ಮಾಡಿಸಿಟ್ಟಿದ್ದೆ. ಶನಿವಾರ ಬೆಳಿಗ್ಗೆ ನಿನ್ನ ಪಕ್ಕದಲ್ಲಿರುತ್ತೇನೆ. ಅನುಮತಿ ಬಂದಿಲ್ಲ, ಆಸ್ಪತ್ರೆಯ ಪತ್ರ ತರಿಸಿಕೊಂಡು ಮತ್ತೆ ಆ ಕಿಟಕಿಗೆ ಹೋಗುವಷ್ಟು ಹೊತ್ತಿಲ್ಲ. ಬರದಿದ್ದರೆ ಬೇಡ. ಅಮ್ಮನಿಗೆ ಮಾಡಿದ್ದನ್ನು ನಿನಗೆ ಮಾಡಲಾರೆ.

ಧೈರ್ಯವಾಗಿರು. ಬಂದೆ.

ಅಕ್ಕ


ಎಡಿಸನ್
18 ಅಕ್ಟೋಬರ್ 2008

ಸ್ಮೃತಿ,

ನಾನು ಬರಲಿಲ್ಲ.

ಈ ಹೊತ್ತಿಗೆ ಜಲಜಾಕ್ಷಿಯವರು ಒಬ್ಬರೇ ಬಂದದ್ದನ್ನು ನೀನು ನೋಡಿರುತ್ತೀಯ. ಬಾಗಿಲ ಕಡೆ ನೋಡಿದೆಯಾ? ನೋಡಿರುತ್ತೀಯ. 

ನಿನ್ನೆ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಹೋದೆವು. ನಿನ್ನ ಭಾವನೇ ಕಾರು ಓಡಿಸಿದರು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಿಕೊಂಡಾದರೂ ಹೋಗುತ್ತಿದ್ದೆನೋ ಏನೋ. ಜಲಜಾಕ್ಷಿಯವರು ಪ್ರಸ್ಥಾನದ ಚೀಲವನ್ನು ನೇರ ಅಲ್ಲಿಗೇ ತಂದಿದ್ದರು. "ತಗೊಳ್ರೀ ನಿಮ್ ಚೀಲ. ಕೊನೆಗೂ ಇದಕ್ಕೊಂದು ಪ್ರಯಾಣ ಬಂತಲ್ಲ" ಎಂದು ಕೈಗೆ ಕೊಟ್ಟರು. ಸಾಲಿನಲ್ಲಿ ನಿಂತೆವು. ಪಾಸ್‌ಪೋರ್ಟ್ ಕೈಯಲ್ಲಿತ್ತು.

ನಿಹಾರಿಕಾ ನನ್ನ ಕೋಟು ಹಿಡಿದುಕೊಂಡಿದ್ದಳು. "ಅಮ್ಮಾ, ವಿಲ್ ಯೂ ಬಿ ಬ್ಯಾಕ್ ಫಾರ್ ಮೈ ಬರ್ತ್‌ಡೇ?" ಎಂದಳು. ಅವಳ ಹುಟ್ಟುಹಬ್ಬ ಡಿಸೆಂಬರ್‌ನಲ್ಲಿ. ಬರುತ್ತೇನೆ ಎನ್ನಬೇಕು, ಅಷ್ಟೇ. ಸುಳ್ಳು ಹೇಳುವುದು ನನಗೆ ಹೊಸದಲ್ಲ, ನಿನಗೇ ಗೊತ್ತು. ಬಾಯಿ ತೆರೆದೆ. ಬರಲಿಲ್ಲ ಮಾತು. ಯಾವ ಡಿಸೆಂಬರ್ ಎಂದು ನನಗೇ ಗೊತ್ತಿರಲಿಲ್ಲ. ಆ ಹುಡುಗಿ ನನ್ನ ಮುಖ ನೋಡಿ, ಏನು ಅರ್ಥವಾಯಿತೋ, ಕೋಟನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಹೋಗುತ್ತಿದ್ದೆ.

ಕೌಂಟರ್ ಹತ್ತಿರ ಬಂದಾಗ ನಾನು ಸಾಲಿನಿಂದ ಈಚೆ ಬಂದೆ. ಹಿಂದಿನವರು ಮುಂದೆ ಹೋದರು. ಜಲಜಾಕ್ಷಿಯವರು ನನ್ನನ್ನು ನೋಡಿ ಕೈ ಚಾಚಿ, "ಕೊಡಿ ಇಲ್ಲಿ, ಚೀಲಾನಾದ್ರೂ ಹೋಗ್ಲಿ" ಎಂದರು. ಕೊಟ್ಟೆ.

ನನಗೆ ಧೈರ್ಯ ಸಾಲಲಿಲ್ಲ. ಸುತ್ತಿ ಬಳಸಿ ಹೇಳಲು ಏನೂ ಇಲ್ಲ. ನಿನ್ನನ್ನು ಬಿಟ್ಟು ಮಗಳನ್ನು ಹಿಡಿದುಕೊಂಡೆ. ನೀನು ನನ್ನನ್ನು ಕ್ಷಮಿಸಬೇಕಿಲ್ಲ. ಬದುಕಿರು, ಅಷ್ಟು ಸಾಕು. ಚಿರಂತನನ ಫೋನಿಗಾಗಿ ಕಾಯುತ್ತಿದ್ದೇನೆ.

ಅಕ್ಕ


ವೆಲ್ಡ್‌ಹೋವನ್
9 ನವೆಂಬರ್ 2008

ಅಕ್ಕಾ,

ಹೆಣ್ಣು ಮಗುವೆಂದು, ಇಬ್ಬರೂ ಕ್ಷೇಮವೆಂದು ಚಿರಂತನ ನಿನಗೆ ಆ ಶನಿವಾರ ರಾತ್ರಿಯೇ ಹೇಳಿದ್ದಾನೆ. ನಾನು ಇಷ್ಟು ದಿನ ಬರೆಯದೆ ಇದ್ದದ್ದು ಶಕ್ತಿಯಿಲ್ಲದೆ ಅಲ್ಲ. ಸಿಟ್ಟಿನಿಂದ. ನಿಜ ಬರೆ ಎಂದೆಯಲ್ಲ, ಬರೆಯುತ್ತಿದ್ದೇನೆ.

ಶುಕ್ರವಾರ ಸಂಜೆಯೇ ಹೊಟ್ಟೆ ಕುಯ್ದು ಮಗುವನ್ನು ತೆಗೆದರು. ಶನಿವಾರ ನನಗೆ ಎಚ್ಚರವಾದಾಗ ಚಿರಂತನ ಮಗುವಿನ ಹತ್ತಿರ ಇನ್ನೊಂದು ವಾರ್ಡಿನಲ್ಲಿದ್ದ. ನೀನು ಬರುತ್ತೀಯ ಎಂದು ಬಾಗಿಲು ನೋಡಿಕೊಂಡು ಮಲಗಿದ್ದೆ. ಹೌದು, ನೋಡಿದೆ. ಮಧ್ಯಾಹ್ನ ಬಾಗಿಲಲ್ಲಿ ಒಬ್ಬರು ಅಪರಿಚಿತ ಹೆಂಗಸು, ಕೋಟಿನ ಕೆಳಗೆ ಸೀರೆ, ಕೈಯಲ್ಲಿ ಚೀಲ, ಏದುಸಿರು. ಮುಂದಿನ ವಿಮಾನಕ್ಕೆ ರಾತ್ರಿಯವರೆಗೆ ಹೊತ್ತಿದೆ, ತಮ್ಮದು ಅಮೆರಿಕದ ಪಾಸ್‌ಪೋರ್ಟ್, ಹೊರಗೆ ಬಿಡುತ್ತಾರೆ ಎಂದು ರೈಲು ಹತ್ತಿ, ಐಂಡ್‌ಹೋವನ್‌ನಲ್ಲಿ ಇಳಿದು, ಬಸ್ಸು ಹಿಡಿದು, ನೀನು ಕೊಟ್ಟ ವಿಳಾಸ ಹುಡುಕಿಕೊಂಡು ಬಂದಿದ್ದರು. "ನಾನು ಜಲಜಾಕ್ಷಿ. ನಿಮ್ಮಕ್ಕ ಬರ್ಲಿಲ್ಲ, ಚೀಲ ಬಂತು" ಎಂದರು. ಅವರನ್ನು ಹೊರಗೆ ಕಳಿಸಿ ಎಂದು ಕಿರುಚಬೇಕೆನಿಸಿತು. ಗೋಡೆಯ ಕಡೆ ತಿರುಗಿ ಮಲಗಿದೆ.

ಅವರು ಹೋಗಲಿಲ್ಲ. ಕುರ್ಚಿ ಎಳೆದು ಕೂತು, ಚೀಲದಿಂದ ಒಂದು ಸೀರೆ ತೆಗೆದು ನನ್ನ ಕೈ ಮೇಲೆ ಇಟ್ಟರು. ಕಡುನೀಲಿ, ಹಳದಿ ಅಂಚು. ಅಷ್ಟು ಮೆತ್ತಗಿತ್ತು, ಅಮ್ಮನದೇ ಹಳೆಯ ಸೀರೆ ಎಲ್ಲಿ ಸಿಕ್ಕಿತು ಎಂದು ಎದ್ದು ಕೂರಲು ಹೋದೆ. "ಅಮ್ಮಂಗೆ ಅಂತ ಹೊಸದಾಗಿ ತಂದಿದ್ದು ಕಣ್ರೀ" ಎಂದರು. "ಅವ್ರು ಹೋಗ್ಬಿಟ್ರಲ್ಲ. ಆಗಸ್ಟಲ್ಲಿ ನಿಮ್ ಕಾಗ್ದ ಬಂದ್ಮೇಲೆ ನಿಮ್ಮಕ್ಕ ವಾರ ವಾರ ನಮ್ಮನೆಗ್ ಬಂದು ಇದನ್ನ ಒಗೆಯೋದು, ಒಣಗ್ಸೋದು, ಮತ್ತೆ ಒಗೆಯೋದು. ಮಗೂಗೆ ಹಳೇ ಸೀರೆ ಬೇಕಂತೆ, ಇರೋದು ಹೊಸದು, ಚೀಲ ಮನೆಗೆ ಒಯ್ಯೋ ಹಾಗಿಲ್ಲ, ನಿಮ್ಮನೇಲೇ ಹಳೇದ್ ಮಾಡ್ತೀನಿ ಅಂತ. ನಮ್ ಮೆಷಿನ್ನೇ ಕೆಟ್ಟೋಯ್ತು."

ಹಳೆಯ ಸೀರೆ ನನ್ನ ಹತ್ತಿರವೂ ಇಲ್ಲ, ಏನಾದರೂ ಮಾಡೋಣ ಎಂದು ಬರೆದಿದ್ದೆಯಲ್ಲೇ ಅಕ್ಕಾ! ಅದನ್ನಾದರೂ ಹೇಳಬಾರದಿತ್ತೇ?

ನಾನು ಅತ್ತೆ. ಹೊಲಿಗೆ ನೋಯುತ್ತಿತ್ತು, ಆದರೂ ಅತ್ತೆ. ಮಗುವನ್ನು ನನ್ನ ಹತ್ತಿರ ತಂದಾಗ ಅದರಲ್ಲೇ ಸುತ್ತಿಸಿದೆ. ಆಮೇಲೂ ಸಿಟ್ಟು ಹೋಗಲಿಲ್ಲ, ಆದರೆ ಅದರ ದಿಕ್ಕು ಬದಲಾಯಿತು. ಆಸ್ಪತ್ರೆಯವರು ಪತ್ರ ಕೊಡುತ್ತೇವೆ ಎಂದಿದ್ದರು. ನಾನೇ ಬೇಡ ಎಂದಿದ್ದೆ. ಅದನ್ನು ನಿನಗೆ ಕಳಿಸಿದ್ದರೆ ಆ ಕಿಟಕಿಯ ಹೆಂಗಸು ಅನುಮತಿ ಕೊಡುತ್ತಿದ್ದಳು, ನೀನು ಇಲ್ಲಿರುತ್ತಿದ್ದೆ. ನಿನ್ನನ್ನು ಕಾಪಾಡುತ್ತೇನೆಂದು ಹೋಗಿ ನಿನ್ನ ದಾರಿಗೆ ನಾನೇ ಕಲ್ಲು ಹಾಕಿದೆ. ನೀನು ಸಾಲಿನಿಂದ ಈಚೆ ಬಂದದ್ದು ಸರಿ. ಕೋಟು ಹಿಡಿದ ನಿಹಾರಿಕಾಳ ಕೈ ಬಿಡಿಸಿಕೊಂಡು ಬಂದಿದ್ದರೆ ನಿನ್ನ ಮುಖ ನೋಡಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಇಷ್ಟು ದಿನ ಬೇಕಾಯಿತು.

ಕ್ರಾಮ್‌ಜೋರ್ಖ್‌ನ ನರ್ಸ್ ವಿಲ್ಮಾ ಒಂದು ವಾರ ಬಂದಿದ್ದಳು. ದೊಡ್ಡ ಆಳು, ದೊಡ್ಡ ದನಿ. ಮಗುವಿನ ಮಂಚದಲ್ಲಿ ಬಿಸಿನೀರಿನ ತಗಡಿನ ಬಾಟಲಿ ಇಟ್ಟು ಬೆಚ್ಚಗೆ ಮಾಡುತ್ತಿದ್ದಳು. ಗುಲಾಬಿ ಬಣ್ಣದ ಸಕ್ಕರೆ ಹಚ್ಚಿದ ಸೋಂಪನ್ನು ರಸ್ಕಿನ ಮೇಲೆ ಉದುರಿಸಿ ಬಂದವರಿಗೆಲ್ಲ ಹಂಚಿದಳು, ಇಲ್ಲಿ ಮಗು ಹುಟ್ಟಿದರೆ ಅದೇ ಸಿಹಿಯಂತೆ. ಸೋಂಪು ಹಾಲಿಗೆ ಒಳ್ಳೆಯದು, ನೀನು ಎರಡು ತಿನ್ನು ಎಂದಳು. ಥೇಟು ಅಮ್ಮನ ದನಿ. ಈಗ ಅವಳ ವಾರವೂ ಮುಗಿದಿದೆ. ಚಿರಂತನ ಮಗುವಿಗೆ ಸ್ನಾನ ಮಾಡಿಸುವುದನ್ನು ನೋಡಿದರೆ ಮಗುವಿಗಿಂತ ಅವನ ಮೇಲೆ ಕನಿಕರವಾಗುತ್ತದೆ. ಮೆಂತ್ಯವನ್ನಂತೂ ಸರಿಯಾಗಿಯೇ ತಂದ, ಅಷ್ಟು ಹೇಳಬೇಕು.

ಆಸ್ಪತ್ರೆಯಿಂದ ಪತ್ರ ಬರೆಸಿಕೊಂಡು ನಿನ್ನೆ ನಿನಗೂ ವಕೀಲರಿಗೂ ಕಳಿಸಿದ್ದೇವೆ. ಹೊಲಿಗೆಯ ವಿಷಯ, ಬಿ.ಪಿ. ಇನ್ನೂ ಇಳಿಯದ ವಿಷಯ, ಮಗು ದಿನಕ್ಕೆ ಮೊದಲೇ ಹುಟ್ಟಿದ್ದು, ಮನೆಯಲ್ಲಿ ಬೇರೆ ಯಾರೂ ಇಲ್ಲದ್ದು ಎಲ್ಲವೂ ಅದರಲ್ಲಿದೆ. ಈ ಸಲ ಒಂದೂ ಸುಳ್ಳಿಲ್ಲ. ಅದನ್ನು ತೆಗೆದುಕೊಂಡು ಮತ್ತೆ ಆ ಕಿಟಕಿಗೆ ಹೋಗು. ಅನುಮತಿ ಕೈಗೆ ಬಂದ ಮೇಲೆ ಮಾತ್ರ ಹೊರಡು.

ಚೀಲವನ್ನು ಬಾಗಿಲ ಪಕ್ಕದಲ್ಲೇ ಇಟ್ಟಿದ್ದೇನೆ. ಅಕ್ಕಿ, ಅರಿಶಿನದ ಕೊಂಬು ಮುಟ್ಟಿಲ್ಲ. ಇದನ್ನು ಯಾರ ಕೈಯಲ್ಲೂ ವಾಪಸು ಕಳಿಸುವುದಿಲ್ಲ. ಬೇಕಿದ್ದರೆ ನೀನೇ ಬಂದು ತೆಗೆದುಕೊಂಡು ಹೋಗು.

ಇನ್ನು ಬೈಗುಳ. ಏಪ್ರಿಲ್‌ನದು, ಆಗಸ್ಟ್‌ನದು, ಎಲ್ಲ ಬಾಕಿಯಿದೆ. ಎದುರಿಗೆ ಕೂರಿಸಿಕೊಂಡೇ ಬೈಯುತ್ತೇನೆ.

ಸ್ಮೃತಿ


ಎಡಿಸನ್
26 ನವೆಂಬರ್ 2008

ಪುಟ್ಟೀ,

ಅನುಮತಿ ಬಂತು. ಈಗ ನನ್ನ ಮಡಿಲಲ್ಲೇ ಇದೆ, ನನ್ನದೇ ಫೋಟೋ, ಕಳ್ಳಿಯ ಹಾಗೆ ಕಾಣುತ್ತಿದ್ದೇನೆ. ಕಿಟಕಿಯಲ್ಲಿ ಅದೇ ಹೆಂಗಸಿದ್ದಳು. ಆಸ್ಪತ್ರೆಯ ಪತ್ರ ಓದಿ, ಇದನ್ನು ಮೊದಲೇ ಯಾಕೆ ತರಲಿಲ್ಲ ಎಂದಳು. ನಮ್ಮ ಮನೆಯವರ ಸ್ವಭಾವವೇ ಹಾಗೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ವಾಪಸು ಬರುವಾಗ ಏರ್‌ಪೋರ್ಟಿನಲ್ಲಿ ಬೇರೆ ಕೋಣೆಗೆ ಕರೆದು ಪ್ರಶ್ನೆ ಕೇಳುತ್ತಾರಂತೆ. ಒಳಗೆ ಬಿಡುವುದು ಬಿಡದಿರುವುದು ಅವರ ಕೈಯಲ್ಲಿದೆಯಂತೆ. ಭಯವಿಲ್ಲ ಎಂದರೆ ಸುಳ್ಳಾಗುತ್ತದೆ, ಸುಳ್ಳು ಬಿಟ್ಟಿದ್ದೇನೆ. ನಿಹಾರಿಕಾಗೆ ಈ ಡಿಸೆಂಬರ್ ಎಂದೇ ಹೇಳಿದೆ. ಹುಟ್ಟುಹಬ್ಬಕ್ಕೆ ಮೊದಲೇ ವಾಪಸು ಬರುವ ಟಿಕೆಟ್ಟನ್ನು ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಓಕೆ, ಗೋ" ಎಂದಳು.

ಹೊರಡುವ ಟಿಕೆಟ್ ಸಿಕ್ಕಿರುವುದು ಮಂಗಳವಾರದ್ದು. ಅಮ್ಮ ಇದ್ದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಪ್ರಸ್ಥಾನ ಇಡಬೇಕೇನೇ ಎಂದು ನಿನ್ನ ಭಾವ ಕೇಳಿದರು. ಬೇಡ, ನನ್ನ ಚೀಲ ಅವತ್ತಿನ ಗುರುವಾರವೇ ಹೊರಟು ಪುಟ್ಟಿಯ ಮನೆ ಸೇರಿಯಾಗಿದೆ ಎಂದೆ.

ನೀರು ಕಾಯಿಸಿಡು.

ಅಕ್ಕ